ಜೇಬಿನಲ್ಲಿ ಬೆಳೆದ ಪ್ಲೇಟು

ಹಲ್ಲಿನ ದವಾಖಾನೆಯ ಬೆಂಚಿನ ಮೇಲೆ ದರ್ಜಿ ಕೂತದ್ದೇ ತಡ, ಅವನ ಅಡಿಯಿಂದ ‘ಟಕ್’ ಎಂದು ಸದ್ದು ಬಂತು. ಕಾಯುತ್ತಿದ್ದ ಆರೂ ಮಂದಿ ಒಟ್ಟಿಗೆ ತಲೆಯೆತ್ತಿದರು. ಪ್ಯಾಂಟಿನ ಹೊಲಿಗೆ ಬಿಚ್ಚಿತೇನೋ ಎಂದು ಅವನ ಜೀವ ಬಾಯಿಗೆ ಬಂತು. ಬೇರೆಯವರದು ಬಿಚ್ಚಿದರೆ ವ್ಯಾಪಾರ, ದರ್ಜಿಯದೇ ಬಿಚ್ಚಿದರೆ ಮಾನಹಾನಿ. ಮೆಲ್ಲಗೆ ಹಿಂದಿನ ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದು ಎರಡು ತುಂಡು ಗುಲಾಬಿ ಪ್ಲಾಸ್ಟಿಕ್ಕು, ಸೊಟ್ಟಗಾದ ಮೂರು ತಂತಿ.

“ಅಪ್ಪ ನನ್ನ ಪ್ಲೇಟಿನ ಮೇಲೆ ಕೂತ್ಬಿಟ್ರು!” ಎಂಟು ವರ್ಷದ ಮಗಳು ಗುಬ್ಬಿ ಬೀದಿಗೆಲ್ಲ ಕೇಳುವಂತೆ ಸಾರಿದಳು.

“ಬಾಯಲ್ಲಿ ಇರಬೇಕಾದ್ದು ಅಲ್ಲಿಗೆ ಹೇಗಪ್ಪಾ ಹೋಯ್ತು?” ಎಂದಳು ಪಕ್ಕದಲ್ಲಿದ್ದ ಅಜ್ಜಿ. ದರ್ಜಿಯ ಹತ್ತಿರ ಉತ್ತರವೇನೋ ಇತ್ತು. ನಾಲ್ಕು ಜನರ ಮುಂದೆ ಹೇಳುವಂಥದಾಗಿರಲಿಲ್ಲ.

ಗುಬ್ಬಿ ಬಾಯಿ ಮುಚ್ಚಿದರೆ ಕೆಳಗಿನ ಮುಂದಿನ ಹಲ್ಲುಗಳು ಮೇಲಿನವನ್ನು ಒಳಗೆ ಹಾಕಿ ತಾವೇ ಹೊರಗೆ ಕಾವಲು ನಿಲ್ಲುತ್ತಿದ್ದವು. ಹತ್ತು ವಾರದ ಹಿಂದೆ ಡಾಕ್ಟರಮ್ಮ ಅವಳ ಅಂಗುಳಕ್ಕೆ ಕೂರುವ ಪ್ಲೇಟೊಂದನ್ನು ಮಾಡಿಕೊಟ್ಟಿದ್ದರು. ಅದರ ನಡುವೆ ಪುಟ್ಟ ಸ್ಕ್ರೂ. ಭಾನುವಾರಕ್ಕೊಮ್ಮೆ ಕೀಲಿ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಪ್ಲೇಟು ಒಂದು ಚೂರು ಹಿಗ್ಗಿ ಮೇಲಿನ ಹಲ್ಲುಗಳನ್ನು ಮುಂದಕ್ಕೆ ದಬ್ಬುತ್ತದೆ. ಊಟಕ್ಕೆ, ಹಲ್ಲುಜ್ಜುವುದಕ್ಕೆ ಬಿಟ್ಟರೆ ತೆಗೆಯುವಂತಿಲ್ಲ. “ಅರ್ಧ ಗಂಟೆ ಕೂತ್ಕೊಳ್ಳಿ, ಇದನ್ನ ಹಾಕ್ಕೊಂಡು ಮಾತಾಡೋದು ಕಲಿಸ್ತೀನಿ,” ಎಂದಿದ್ದರು. ಆದರೆ ಅದು ಶಾಲೆಗಳ ಯೂನಿಫಾರಂ ಹೊಲಿಯುವ ಕಾಲ. “ಗೊತ್ತಾಯ್ತು, ಗೊತ್ತಾಯ್ತು” ಎನ್ನುತ್ತಲೇ ದರ್ಜಿ ಮಗಳ ಕೈ ಹಿಡಿದು ಓಡಿದ್ದ. ಆಮೇಲೆ ತೋರಿಸಲು ಬನ್ನಿ ಎಂದ ಎರಡು ಸಲವೂ ಬಂದಿರಲಿಲ್ಲ; ಇವತ್ತೇ ಮೊದಲು.

ಮರುದಿನವೇ ಶಾಲೆಯಲ್ಲಿ ಯಾರೋ “ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯೇನೇ?” ಎಂದರು. ಗುಬ್ಬಿ ಅತ್ತಳು. ಅಪ್ಪನ ಕರುಳು ಬೆಣ್ಣೆ. “ಇವತ್ತೊಂದಿನ ನನ್ನ ಹತ್ರ ಇರ್ಲಿ. ಅಮ್ಮಂಗೆ ಹೇಳ್ಬೇಡ,” ಎಂದು ಜೇಬಿಗಿಳಿಸಿದ. ಆ ಒಂದು ದಿನ ಹತ್ತು ವಾರವಾಯಿತು. ಆದರೂ ಅವನ ನಿಯತ್ತನ್ನು ಮೆಚ್ಚಬೇಕು: ಸ್ಕ್ರೂ ತಿರುಗಿಸುವುದನ್ನು ಮಾತ್ರ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

ಡಾಕ್ಟರಮ್ಮನನ್ನು ಊರೆಲ್ಲ ಕರೆಯುವುದು ‘ತಂತಿ ಡಾಕ್ಟರ್’ ಎಂದೇ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಇಪ್ಪತ್ತಾರು ವರ್ಷದಿಂದ ಅವೇ. ಅವರ ತಂದೆ ಕೊಡೆ ರಿಪೇರಿಯವರು. ತಂತಿಯನ್ನು ಇಕ್ಕಳದಲ್ಲಿ ಹಿಡಿದು ಹೇಗೆ ಮಾತು ಕೇಳಿಸಬೇಕೆಂದು ಮಗಳು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಪಕ್ಕ ಗೋಣಿಚೀಲದ ಮೇಲೆ ಕೂತು. ಹೊರಗೆ ಮಾಡಿಸಬಹುದಾದ ಪ್ಲೇಟುಗಳನ್ನು ಅವರು ಈಗಲೂ ಊಟವಾದ ಮೇಲೆ ಕಿಟಕಿಯ ಬೆಳಕಿಗೆ ಕೂತು ತಾವೇ ಮಾಡುತ್ತಾರೆ. ಕಪಾಟಿನ ತುಂಬ ಮಕ್ಕಳ ಹಲ್ಲುಗಳ ಪ್ಲಾಸ್ಟರ್ ಅಚ್ಚು; ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ತಾರೀಕು.

ಒಳಕೋಣೆಯಲ್ಲಿ ಅವರು ಗುಬ್ಬಿಯ ಅಚ್ಚನ್ನು ಇಳಿಸಿ, ಮುರಿದ ತುಂಡುಗಳನ್ನು ಅದರ ಮೇಲೆ ಜೋಡಿಸಿ ನೋಡಿದರು. ಕೂರಲಿಲ್ಲ.

“ಪ್ಲೇಟು ಚೆನ್ನಾಗಿ ಬೆಳೆದಿದೆ. ದವಡೆ ಮಾತ್ರ ಇದ್ದಲ್ಲೇ ಇದೆ.”

ದರ್ಜಿಯ ಕೈ ತನ್ನಷ್ಟಕ್ಕೆ ಹಿಂದಿನ ಜೇಬಿಗೆ ಹೋಯಿತು.

“ಪ್ಲೇಟಲ್ಲಿ ಹಿಂದಿನ ಹಲ್ಲು ಕಚ್ಚೋ ಜಾಗ ನೋಡಿ, ಒಂದು ಗುರುತೂ ಇಲ್ಲ. ಇದು ಬಾಯಿಗೇ ಹೋಗಿಲ್ಲ. ಅಲ್ಲಾ, ನೀವು ಮಕ್ಕಳ ಬಟ್ಟೆ ಹೊಲಿವಾಗ ಒಳಗೆ ಮಡಿಚಿ ಬಿಡ್ತೀರಲ್ವಾ?”

“ಎರಡಿಂಚು ಬಿಡ್ತೀನಿ ಡಾಕ್ಟ್ರೇ. ಬೆಳೆಯೋ ಮಕ್ಕಳು.”

“ಇವಳ ದವಡೇಲೂ ಹಾಗೆ ಬಿಟ್ಟಿದೆ. ಇನ್ನೊಂದು ವರ್ಷ, ಒಂದೂವರೆ ವರ್ಷ ಅಷ್ಟೇ ಟೈಮು. ಆ ಮಡಿಕೆ ಈಗ ಬಿಚ್ಚದಿದ್ರೆ, ದೊಡ್ಡವಳಾದ ಮೇಲೆ ಮೂಳೆ ಕತ್ತರಿಸಿ ಕೂರಿಸ್ಬೇಕಾಗಬಹುದು.”

ಮೂವತ್ತು ವರ್ಷ ಕತ್ತರಿ ಹಿಡಿದ ದರ್ಜಿ ಆ ಮಾತಿಗೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ.

“ಅಪ್ಪಂದಲ್ಲ ತಪ್ಪು,” ಎಂದಳು ಗುಬ್ಬಿ. “ನಾನೇ ಹಾಕ್ಕೊಳ್ಳಲ್ಲ ಅಂದಿದ್ದು. ಹೊಸದು ಮಾಡ್ಕೊಟ್ರೂ ಹಾಕ್ಕೊಳ್ಳಲ್ಲ. ಎಲ್ಲರೂ ನಗ್ತಾರೆ.”

“ನೋಡು ಮಗಾ, ಗಿಡವಾಗಿ ಬಗ್ಗದ್ದು…” ಎಂದು ದರ್ಜಿ ಶುರುಮಾಡಿದ.

“ನೀವು ಸ್ವಲ್ಪ ಸುಮ್ನಿರಿ,” ಎಂದು ಡಾಕ್ಟರಮ್ಮ ಮೇಜಿನ ಖಾನೆಯಿಂದ ನೀಲಿ ಡಬ್ಬಿ ತೆಗೆದರು. ಒಳಗೆ ಅವರದೇ ಬಾಯಿಯ ಅಳತೆಯ ಪ್ಲೇಟಿತ್ತು. ತೊಳೆದು ಬಾಯಿಗೆ ಹಾಕಿಕೊಂಡರು. “ಶರಿ. ಇವತ್ತಿಂದ ನಾನೂ ಹಾಕ್ಕೋತೀನಿ. ಯಾರ ಮಾತು ಮೊದಲು ಶರಿ ಹೋಗತ್ತೋ ನೋಡೋಣ.”

ಗುಬ್ಬಿ ಕಿಸಕ್ಕನೆ ನಕ್ಕಳು. “ನಗು, ಶಾಕಾಗೋವರೆಗೂ ನಗು,” ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

ಹೊರಗೆ ಚೀಟಿ ಬರೆಯುವಾಕೆ ದರ್ಜಿಗೆ ಹೇಳಿದಳು: “ಹೊಸ ಮಗು ಬಂದ ವಾರವೆಲ್ಲ ಇವರದು ಇದೇ ಮಾತು. ಹೋದ್ಸಲ ಕಾಲೇಜಲ್ಲಿ ಮುನ್ನೂರು ಜನರ ಮುಂದೆ ಭಾಷಣಾನೂ ಇದನ್ನ ಹಾಕ್ಕೊಂಡೇ ಮಾಡಿದ್ರು. ಅವತ್ತು ನೀವು ಅರ್ಧ ಗಂಟೆ ಕೂತಿದ್ದಿದ್ರೆ…” ಉಳಿದದ್ದನ್ನು ಅವಳು ಹೇಳಲಿಲ್ಲ, ದರ್ಜಿಗೆ ಕೇಳಿಸಿತು.

ಮೂರು ದಿನದಲ್ಲಿ ಹೊಸ ಪ್ಲೇಟು ಬಂತು. ಅಂದಿನಿಂದ ದಿನಾ ಸಂಜೆ ಆರಕ್ಕೆ ಸರಿಯಾಗಿ ಡಾಕ್ಟರಮ್ಮನ ಫೋನು. ಗುಬ್ಬಿಯ ಪಾಠದ ಪುಸ್ತಕದಿಂದ ಒಂದು ಪುಟ ಇವಳು ಓದುವುದು, ಅದೇ ಪುಟ ಅವರು ಓದುವುದು. ದರ್ಜಿ ಹೊಲಿಗೆ ಯಂತ್ರದ ಮೇಲಿಟ್ಟ ಕಾಲು ನಿಲ್ಲಿಸಿ ಕೇಳುತ್ತಿದ್ದ. ಐದನೆಯ ಸಂಜೆ ಗುಬ್ಬಿಯ ಬಾಯಲ್ಲಿ ‘ಸೂರ್ಯ’ ಸ್ವಚ್ಛವಾಗಿ ಹುಟ್ಟಿದ. ಅತ್ತ ಕಡೆ ಇನ್ನೂ ‘ಶೂರ್ಯ’ನೇ.

“ಅಯ್ಯೋ, ನಿಮಗಿನ್ನೂ ಬಂದಿಲ್ವಾ ಡಾಕ್ಟರಮ್ಮಾ? ನಾಲಿಗೆ ತುದಿ ಸ್ವಲ್ಪ ಮೇಲೆತ್ತಿ. ಹಾಂ, ಹಾಗೆ!”

ಇಪ್ಪತ್ತಾರು ವರ್ಷ ಹಾಕಿ ತೆಗೆದವರಿಗೆ ಇನ್ನೂ ಬಂದಿಲ್ಲವೇ ಎಂದು ದರ್ಜಿಗೆ ಅನುಮಾನ ಬಂತು. ಅದನ್ನು ನುಂಗಿಕೊಂಡ. ಈ ಇಡೀ ಪ್ರಕರಣದಲ್ಲಿ ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಆಲೂಗಡ್ಡೆಯ ಮಾತು ಶಾಲೆಯಲ್ಲಿ ಮತ್ತೆ ಬಂದಾಗ ಗುಬ್ಬಿ ಪ್ಲೇಟು ತೆಗೆದು ತೋರಿಸಿ, “ಸ್ಕ್ರೂ ಇದೆ. ನಿಂಗಿದೆಯಾ?” ಎಂದಳಂತೆ. ನೋಡಲು ಸಾಲು ನಿಂತಿತಂತೆ.

ಒಂಬತ್ತು ತಿಂಗಳ ಮೇಲೆ ಅದೇ ಒಳಕೋಣೆಯಲ್ಲಿ ಗುಬ್ಬಿ ಬಾಯಿ ಮುಚ್ಚಿದಳು. ಮೇಲಿನ ಹಲ್ಲುಗಳು ಕೆಳಗಿನವುಗಳ ಮುಂದೆ ಬಂದು ಠೀವಿಯಿಂದ ಕೂತವು. “ಇನ್ನೊಂದ್ಸಲ ಕಚ್ಚು,” ಎಂದರು ಡಾಕ್ಟರಮ್ಮ. ಕಚ್ಚಿದಳು. “ಇನ್ನೊಂದ್ಸಲ.” ಮೊದಲ ಸಲಕ್ಕೇ ಎಲ್ಲ ಕಂಡಿತ್ತು; ಮಿಕ್ಕ ಎರಡು ಸಲ ಅವರು ಬರೀ ಆಸೆಗೆ ನೋಡಿದರು ಎಂದು ದರ್ಜಿಗೆ ಅನ್ನಿಸಿತು. ಅವನಿಗೂ ಇನ್ನೊಂದು ಸಲ ನೋಡಬೇಕೆನಿಸಿತ್ತು, ಕಣ್ಣು ಮಂಜಾಗಿತ್ತು.

ಅವರು ಹೊಸ ಅಚ್ಚನ್ನು ಹಳೆಯದರ ಪಕ್ಕ ಇಟ್ಟು, ಪೆನ್ಸಿಲ್ಲಿನಲ್ಲಿ ತಾರೀಕು ಬರೆಯತೊಡಗಿದರು. ದರ್ಜಿ ಮೇಜಿನ ಮೇಲಿದ್ದ ಪ್ಲೇಟನ್ನು ಕೈಗೆತ್ತಿಕೊಂಡ.

“ಡಾಕ್ಟ್ರೇ, ಈ ಪ್ಲೇಟು ಇನ್ನು ಬೇಡ ಅಂದ್ರಲ್ಲ. ನೆನಪಿಗೆ ಅಂತ ನಾನಿಟ್ಕೊಳ್ಲಾ?”

ಅವರು ತಲೆ ಎತ್ತಲಿಲ್ಲ.

“ಇಟ್ಕೊಳ್ಳಿ. ಮುಂದಿನ ಜೇಬಲ್ಲಿ.”