ತಡವಾಗಿ ಬಿದ್ದ ಗಾಳಿಯ ಹೊಡೆತ

ಶಿಗ್ಗಾಂವಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಎಮ್ಮೆಗೆ ಬಿಸಿನೀರಿನಲ್ಲಿ ತೌಡು ಕಲಸುತ್ತಾರೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಹಾನಗಲ್ಲಿನ ಅಕ್ಕಿ ಗಿರಣಿಯೂ ಅಲ್ಲಿದ್ದ ಚಾಚಾನೂ ಕಣ್ಣೆದುರು ಬಂದು ನಿಲ್ಲುತ್ತಾರೆ. ಹಳೆಯದು ನೆನಪಾದರೆ ಬೇರೆಯವರಿಗೆ ಖುಷಿಯಾಗುತ್ತದಂತೆ. ನನಗೆ ಕಿಟಕಿ ಮುಚ್ಚಬೇಕೆನಿಸುತ್ತದೆ.

ಚಾಚಾ ಸವಣೂರಿನವರು. ಗಿರಣಿಯಲ್ಲಿ ಅಕ್ಕಿ ಆರಿಸುವ ಯಂತ್ರ ನಡೆಸುತ್ತಿದ್ದರು. ಅದರಲ್ಲಿ ಅಕ್ಕಿ ಮೇಲಿನಿಂದ ಸುರಿಯುತ್ತದೆ. ಗಾಜಿನ ಹಿಂದಿನ ಕ್ಯಾಮೆರಾಕ್ಕೆ ಕರಿಕಾಳು ಕಂಡ ಕೂಡಲೇ ಗಾಳಿಯ ಸಣ್ಣ ಹೊಡೆತವೊಂದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತುಸು ತಡವಾದರೂ ಕರಿಕಾಳು ಪಾರಾಗಿ, ಹಿಂದೆ ಬರುವ ಒಳ್ಳೆಯ ಅಕ್ಕಿ ಏಟು ತಿನ್ನುತ್ತದೆ. ಅದಕ್ಕೇ ಒಳಗೆ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ ಇರುತ್ತದೆ, ಹೇಳಿದ ಗಳಿಗೆಗೆ ಹೇಳಿದ ಕೆಲಸ ಮಾಡಿಯೇ ತೀರುವಂಥದ್ದು. ಅದನ್ನು ನೋಡಿಕೊಳ್ಳುವ ಇಂಜಿನಿಯರ್ ನಾನು. ಹಿರೇಕೆರೂರಿನವಳು, ಆಗಷ್ಟೇ ನೌಕರಿಗೆ ಸೇರಿದ್ದೆ, ಬಾಯಿ ಮಾತ್ರ ಹುಟ್ಟಿದಾಗಿನಿಂದಲೂ ಜೋರು.

ಯಂತ್ರ ದಿನಕ್ಕೊಮ್ಮೆ ತಾನೇ ನಿಂತುಬಿಡುತ್ತದೆಂದು ಮಾಲೀಕರು ಕರೆಸಿದ್ದರು. ನಾನು ಲ್ಯಾಪ್‌ಟಾಪಿನ ವೈರ್ ಹಚ್ಚಿ ಕರ್ನಲ್ ಟ್ರೇಸಿಂಗ್ ಚಾಲು ಮಾಡಿದೆ. ಅಂದರೆ, ಸಿಸ್ಟಮ್ಮಿನ ತಿರುಳಾದ ಕರ್ನಲ್ ಯಾವ ಕೆಲಸವನ್ನು ಯಾವಾಗ ಹಿಡಿಯಿತು, ಯಾವಾಗ ಬಿಟ್ಟಿತು ಎಂದು ಅದರ ಕೈಯಲ್ಲೇ ಬರೆಸುವುದು. ಎರಡನೆಯ ದಿನವೇ ದೋಷ ಸಿಕ್ಕಿತು. ಸರಿಪಡಿಸಿ, ಎಲ್ಲರೊಂದಿಗೆ ಚಹಾ ಕುಡಿದು, ವೈರ್ ಬಿಚ್ಚಿಕೊಂಡು ಬಸ್ ಹತ್ತಿದೆ.

ವಾರದೊಳಗೆ ಮತ್ತೆ ಫೋನು. ಒಳ್ಳೆಯ ಅಕ್ಕಿಯೆಲ್ಲ ಕರಿಕಾಳಿನ ಜೊತೆ ಹೋಗುತ್ತಿದೆಯಂತೆ. ಹೋಗಿ ನೋಡಿದರೆ ಚಾಚಾ ಕಿಟಕಿಯ ಹತ್ತಿರ ನನ್ನನ್ನೇ ಕಾಯುತ್ತಿದ್ದರು. ಅವರದೊಂದು ರೂಢಿ ಇತ್ತು. ತಾಸಿಗೊಮ್ಮೆ ಯಂತ್ರ ಹೊರದಬ್ಬಿದ್ದರಲ್ಲಿ ಒಂದು ಹಿಡಿ ತೆಗೆದು, ಹಳೆಯ ಧೋತರದ ಚಿಂದಿಯಲ್ಲಿ ಗಂಟು ಕಟ್ಟಿ, ಕಿಟಕಿಯಲ್ಲಿ ಸಾಲಾಗಿ ಇಡುವುದು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ.

"ಅಕ್ಕಾರ, ಇವನ್ನ ಬಿಚ್ಚಿ ನೋಡ್ರಿ. ನೀವು ವಾಯರ್ ಹಚ್ಚೂಕಿಂತ ಮೊದಲ ಬರೇ ಕರಿಕಾಳ. ಆಮ್ಯಾಲಿಂದ ಬಿಳಿ ಅಕ್ಕಿ ಬೀಳಾಕತ್ತೈತಿ. ಹೊಡತ ತಡ ಆಗಾಕತ್ತೈತ್ರಿ, ಸಪ್ಪಳದಾಗ ಗೊತ್ತಾಗ್ತೈತಿ."

ನಾನು ಒಂದು ಗಂಟನ್ನೂ ಬಿಚ್ಚಲಿಲ್ಲ. "ಚಾಚಾ, ಮಿಲಿಸೆಕೆಂಡು ಕಿವಿಗೆ ಕೇಳ್ತೈತೇನ್ರಿ?" ಎಂದು ನಕ್ಕೆ. ಮಾಲೀಕರೂ ನಕ್ಕರು. ಮತ್ತೆ ವೈರ್ ಹಚ್ಚಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಎಲ್ಲ ಹೊಡೆತಗಳೂ ಹೊತ್ತಿಗೆ ಸರಿಯಾಗಿ ದಾಖಲಾಗಿದ್ದವು. ಹಾಗಿದ್ದರೆ ತಪ್ಪು ಗಾಜಿನದೇ, ದೂಳು ಕೂತರೆ ಕ್ಯಾಮೆರಾಕ್ಕೆ ಬಿಳಿ ಅಕ್ಕಿಯೂ ಕರಿಕಾಳಾಗಿ ಕಾಣುತ್ತದೆ. ತಾಸಿಗೊಮ್ಮೆ ಅದರ ದೂಳು ಒರೆಸಬೇಕು, ಇವರು ಒರೆಸಿಲ್ಲ.

"ಅಲ್ಲಾನ ಆಣಿ, ಒರಸೇನ್ರಿ ಅಕ್ಕಾರ," ಎಂದರು ಚಾಚಾ. ಯಂತ್ರ ನಡೆಸುವವರ ನಿರ್ಲಕ್ಷ್ಯ ಎಂದು ವರದಿ ಬರೆದು ಸಹಿ ಹಾಕಿದೆ. ಮರುದಿನವೇ ಅವರನ್ನು ಯಂತ್ರದಿಂದ ತೆಗೆದು ಚೀಲದ ಬಾಯಿ ಹೊಲಿಯಲು ಕೂರಿಸಿದರಂತೆ. ಆ ಇಳಿವಯಸ್ಸಿನಲ್ಲಿ, ತಾವೇ ಕೆಲಸ ಕಲಿಸಿದವರ ಕಣ್ಣೆದುರಿಗೆ…

ಆಫೀಸಿನಲ್ಲಿ ಆ ಯಂತ್ರದ್ದೇ ಥರದ ಸರ್ಕಿಟ್ ಬೋರ್ಡ್ ಒಂದಿತ್ತು, ಗಾಳಿ ಹೊಡೆಯುವ ಕೊಳವೆ ಸಮೇತ. ಕೆಲವು ದಿನಗಳ ನಂತರ ಬೇರೇನೋ ಪರೀಕ್ಷಿಸುವಾಗ ಅದರಲ್ಲಿ ಟ್ರೇಸಿಂಗ್ ಹಾಕಿದೆ. ಹೊಡೆತ ತಡವಾಯಿತು. ತೆಗೆದೆ, ಸರಿಹೋಯಿತು. ಹಾನಗಲ್ಲಿನಲ್ಲಿ ಎರಡೂ ಸಲ ವೈರ್ ಬಿಚ್ಚಿದ್ದೆ, ಟ್ರೇಸಿಂಗ್ ಬಂದ್ ಮಾಡಿರಲಿಲ್ಲ! ಎಲ್ಲವನ್ನೂ ಬರೆದಿಡುವ ಕೆಲಸವೇ ಹೊಡೆತದ ಸಮಯ ತಿನ್ನುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ದಾಖಲಾಗಿದ್ದೋ, ‘ಹೊಡೆ’ ಎಂದು ಕರ್ನಲ್ ಹೇಳಿದ ಗಳಿಗೆ. ಹೊಡೆತ ಬಿದ್ದ ಗಳಿಗೆಯಲ್ಲ.

ಮರುದಿನ ತಪಾಸಣೆಯ ನೆಪ ಮಾಡಿ ಹೋಗಿ ಸದ್ದಿಲ್ಲದೆ ಟ್ರೇಸಿಂಗ್ ಬಂದ್ ಮಾಡಿದೆ. ಒಳ್ಳೆಯ ಅಕ್ಕಿ ಹೊರಬೀಳುವುದು ನಿಂತಿತು. "ನೋಡ್ರಿ, ಕೈ ಬದಲಾಗಿದ್ದಕ್ಕ ಮಷಿನ್ ಹಾದಿಗೆ ಬಂತು," ಎಂದರು ಮಾಲೀಕರು. ದಬ್ಬಣ ಹಿಡಿದು ಕೂತಿದ್ದ ಚಾಚಾ ಅಲ್ಲಿಂದಲೇ ಕಿವಿಗೊಟ್ಟು ಕೇಳಿದರು.

"ಈಗ ಸಪ್ಪಳ ಸರಿ ಆತ್ರಿ. ಏನ ಸಿಕ್ತ್ರಿ ಅಕ್ಕಾರ?"

"ಏನಿಲ್ಲ ಚಾಚಾ," ಎಂದೆ.

"ಚಲೋ ಆತ್ ಬಿಡ್ರಿ," ಎಂದು ಅವರು ಮುಂದಿನ ಚೀಲ ಎಳೆದುಕೊಂಡರು. ಥೂ, ಅಷ್ಟು ಜೋರಿನ ನನ್ನ ಬಾಯಿ ಆಗ ಎಲ್ಲಿ ಸತ್ತಿತ್ತೋ! ನೌಕರಿ ಹೋಗುವ ಹೆದರಿಕೆಯಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಷ್ಟಕ್ಕೆಲ್ಲ ಯಾರೂ ನೌಕರಿಯಿಂದ ತೆಗೆಯುವುದಿಲ್ಲ. ಅವರನ್ನು ನೋಡಿ ನಕ್ಕಿದ್ದೆನಲ್ಲ, ಆ ನಗುವನ್ನು ಎಲ್ಲರ ಮುಂದೆ ನುಂಗಿಕೊಳ್ಳಲು ಆಗಲಿಲ್ಲ.

ಹೋದ ತಿಂಗಳು ಮತ್ತೆ ಆ ಗಿರಣಿಗೆ ಹೋಗಬೇಕಾಯಿತು. ಚಾಚಾ ತೀರಿಕೊಂಡು ಎರಡು ವರ್ಷವಾಯಿತಂತೆ. ಮಾಲೀಕರು ಈಗ ಯಂತ್ರ ನಡೆಸುವವನಿಗೆ ಹೇಳುತ್ತಿದ್ದರು: "ಗಾಜ ನೆಟ್ಟಗ ಒರಸೋ ಮಾರಾಯಾ. ಚಾಚಾನಂಗ ಮಾಡಿ ಹೆಸರ ಕೆಡಿಸ್ಕೋಬ್ಯಾಡ."

ತಡೆಯಲಾಗಲಿಲ್ಲ. ಟ್ರೇಸಿಂಗ್ ಮರೆತದ್ದು, ವರದಿ, ಕದ್ದು ಬಂದ್ ಮಾಡಿದ್ದು, ಎಲ್ಲವನ್ನೂ ಅಷ್ಟೂ ಜನರ ಮುಂದೆ ಹೇಳಿದೆ. "ತಪ್ಪು ಚಾಚಾಂದಲ್ರಿ, ನಂದು."

ಮಾಲೀಕರ ಕಣ್ಣು ತುಂಬಿ ಬಂದವು. ಕೈ ಮುಗಿದರು. "ಎಂಥಾ ದೊಡ್ಡ ಮನಸ್ರಿ ಅಕ್ಕಾರ ನಿಮ್ದು! ಸತ್ತವರ ಹೆಸರ ಕೆಡಬಾರ್ದಂತ ತಪ್ಪು ನಿಮ್ಮ ಮ್ಯಾಲ ಎಳಕೊಳ್ಳಾಕತ್ತೀರಿ."

"ಇಲ್ರೀ, ಖರೇನ ಹೇಳಾಕತ್ತೇನಿ…" ಎಂದೆ. ಯಾರೋ ಕುರ್ಚಿ ತಂದು ಹಾಕಿದರು, ಇನ್ಯಾರೋ ಚಹಾ ತಂದರು. ನನ್ನ ಮಾತನ್ನು ನಂಬುವವರು ಚಾಚಾ ಒಬ್ಬರೇ ಇದ್ದರು.