ಬೇರೆ ಗೇರ್‌ಬಾಕ್ಸಿನ ಕೈಪಿಡಿ

ಅಪ್ಪ ಕೊಪ್ಪ–ಶೃಂಗೇರಿ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವರು. ಪಾರ್ಶ್ವವಾಯು ಬಂದು ಎಡಗಾಲಿನ ಬಲ ಹೋದ ಮೇಲೆ ಅವರ ಮಾತೇ ಕಡಿಮೆಯಾಯಿತು. ಕ್ಲಚ್ ಇಲ್ಲದ ಗಾಡಿಗೆ ಬಲಗಾಲೊಂದೇ ಸಾಕೆಂದು ಡಾಕ್ಟರು ಒಪ್ಪಿದಾಗ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡೆವು. ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆಹೊನ್ನೂರಿಗೆ ಹೋಗಿ, ಬರೀ ಕಾಫಿ ಕುಡಿದು ಬಂದರು. ಎದುರಿಗೆ ಬಂದ ಪ್ರತಿ ಬಸ್ಸಿಗೂ ಕೈಯೆತ್ತಿದರು.

ಎರಡು ವರ್ಷದ ನಂತರ ಗೇರ್‌ಬಾಕ್ಸಿನ ಎಣ್ಣೆ ಬದಲಿಸುವ ಹೊತ್ತು ಬಂತು. ನರಸಿಂಹರಾಜಪುರದ ಮೆಕ್ಯಾನಿಕ್ ಅಪ್ಪನ ಹಳೆಯ ಗೆಳೆಯ, ಜೀಪುಗಳಲ್ಲಿ ಪಳಗಿದವರು. ಬಾನೆಟ್ ಎತ್ತಿ ನಕ್ಕರು.

"ಕ್ಲಚ್ಚಿಲ್ಲದ್ದೂ ಒಂದು ಗಾಡಿಯಾ ಮಾರಾಯ? ಲಿಫ್ಟು ಇದು!"

"ಸುಮ್ನಿರೋ. ನಿನ್ ಜೀಪಿಗಿಂತ ಮೊದ್ಲು ಶೃಂಗೇರಿ ಮುಟ್ಟತ್ತೆ," ಎಂದರು ಅಪ್ಪ.

ಮೆಕ್ಯಾನಿಕ್ ನನ್ನತ್ತ ತಿರುಗಿದರು. "ಇದ್ರ ಎಣ್ಣೆ ನಂಗೆ ಗೊತ್ತಿಲ್ಲ ತಂಗಿ. ಶಿವಮೊಗ್ಗದ ಶೋರೂಮಿಗೆ ಫೋನ್ ಮಾಡಿ, ಚಾಸಿ ನಂಬರ್ ಹೇಳಿ ಕೇಳು. ಅವ್ರು ಹೇಳಿದ್ದೇ ಹಾಕಣ."

ಅಪರಿಚಿತರಿಗೆ ಫೋನ್ ಮಾಡುವುದು ನನಗೆ ಮೊದಲಿನಿಂದಲೂ ಆಗದು. ಅದರ ಬದಲು ಇಂಟರ್ನೆಟ್ಟಿನಲ್ಲಿ ಕಾರಿನ ಹೆಸರು ಹಾಕಿ ಕೈಪಿಡಿ ಹುಡುಕಿದೆ. ಎಣ್ಣೆಯ ಪುಟವನ್ನು ಎರಡು ಸಲ ಓದಿ, ಯಾವುದೆಂದು ಚೀಟಿಯಲ್ಲಿ ಬರೆದುಕೊಟ್ಟೆ.

ಮೆಕ್ಯಾನಿಕ್ ಅನುಮಾನಿಸಿದರು. "ಫೋನ್ ಮಾಡಿದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ಎಂಎಸ್ಸಿ ಮಾಡಿದವ್ಳು ಮಾರಾಯ. ಅವ್ಳು ಬರ್ದಿದ್ದು ಹಾಕು."

ನಾನು ತಿದ್ದಲಿಲ್ಲ.

ಮೂರನೆಯ ವಾರ, ಶೃಂಗೇರಿಗೆ ಹೋಗುವ ಏರಿನಲ್ಲಿ ಎಂಜಿನ್ ಅರಚಿತು. ಕಾರು ಮುಂದೆ ಹೋಗಲಿಲ್ಲ. ಹಿಂದೆ ನಿಂತ ಬಸ್ಸಿನ ಡ್ರೈವರ್ ಅಪ್ಪನ ಗುರುತು ಹಿಡಿದು ಓಡಿ ಬಂದರು. "ನೀವು ಕೂತ್ಕಳಿ ಅಣ್ಣ, ನಾವು ತಳ್ತೀವಿ." ಪ್ರಯಾಣಿಕರು ನಾಲ್ಕೈದು ಜನ ಇಳಿದು ಕಾರನ್ನು ಬದಿಗೆ ತಳ್ಳಿದರು. ಅಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದರು, ಯಾರ ಮುಖವನ್ನೂ ನೋಡಲಿಲ್ಲ.

ಗೇರ್‌ಬಾಕ್ಸ್ ಬಿಚ್ಚಿದ ದಿನ ಮೆಕ್ಯಾನಿಕ್ ನನ್ನೊಬ್ಬಳನ್ನೇ ಕರೆದರು. ಅದೇ ಹೆಸರಿನ ಕಾರಿಗೆ ಎರಡು ಬಗೆಯ ಗೇರ್‌ಬಾಕ್ಸ್ ಬಂದಿದ್ದವು. ನಾನು ಓದಿದ್ದು ಹಳೆಯ ಬಗೆಯದರ ಕೈಪಿಡಿ. ನಮ್ಮದರೊಳಗೆ ಉಕ್ಕಿನ ಬೆಲ್ಟ್ ಇತ್ತು, ಅದಕ್ಕೆ ಬೇರೆಯದೇ ಎಣ್ಣೆ ಬೇಕಿತ್ತು. ನಾನು ಹಾಕಿಸಿದ್ದರಲ್ಲಿ ಅದು ಜಾರಿ ಜಾರಿ ಸವೆದುಹೋಗಿತ್ತು.

"ನಾನೂ ಗಟ್ಟಿಯಾಗಿ ಕೇಳ್ಬೇಕಿತ್ತು," ಎಂದರು. "ಅವ್ನಿಗೆ ನಾ ಹೇಳಲ್ಲ. ಹೇಳೋದಾದ್ರೆ ನೀನೇ ಹೇಳು."

ನಾನು ಹೇಳಲಿಲ್ಲ. ಹೊಸ ಗೇರ್‌ಬಾಕ್ಸಿಗೆ ಕಾರಿಗಿಂತ ಹೆಚ್ಚು ಬೆಲೆಯಾಗುತ್ತಿತ್ತು, ಕಾರು ಗುಜರಿಗೆ ಹೋಯಿತು. ಇನ್ನೊಂದನ್ನು ನೋಡೋಣವೆಂದರೆ ಅಪ್ಪ ಬೇಡವೆಂದರು. ಆ ಏರಿನಲ್ಲಿ ತಳ್ಳಿಸಿಕೊಂಡ ಮೇಲೆ ಅವರಿಗೆ ಗಾಡಿ ಮುಟ್ಟುವ ಮನಸ್ಸಿಲ್ಲ.

ಮೊನ್ನೆ ಅವರನ್ನು ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಿಟಕಿಯಾಚೆ ನೋಡುತ್ತಲೇ ಅವರು ಹೇಳಿದರು: "ಎಣ್ಣೆ ನೀ ಸರಿಯಾಗೇ ಹಾಕ್ಸಿದ್ದೆ ಬಿಡು. ಗಾಡಿನೇ ಸರಿ ಇರ್ಲಿಲ್ಲ. ಮನ್ಸಿಗೆ ಹಚ್ಕಬೇಡ."

ನಾನು ಹೂಂ ಎಂದೆ. ಅಷ್ಟರಲ್ಲಿ ಕಂಡಕ್ಟರ್ ಬಂದರು. "ಎರಡು ಕೊಪ್ಪ" ಎನ್ನುವಾಗ ನನ್ನ ದನಿ ಸರಿಯಾಗಿಯೇ ಇತ್ತು.