ಅಜ್ಜಿಯ ಕರಡಿಗೆಗೆ ಎಲೆಕ್ಟ್ರಾನ್

ಗೆಳೆಯರೇ, ಪಿಯುಸಿಯಲ್ಲಿ ಕಲಿತ ರೆಡಾಕ್ಸ್ ಕ್ರಿಯೆಯಿಂದ ಇವತ್ತು ನಮ್ಮ ತರೀಕೆರೆ ಮನೆಯಲ್ಲಿ ಜಗಳವೇ ಆಯಿತು. ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಅಜ್ಜಿ ಕೊರಳಿಂದ ತೆಗೆಯುವುದು ಪೂಜೆಯಲ್ಲಿ ಮಾತ್ರ. ಲಿಂಗವನ್ನು ಅಂಗೈಯಲ್ಲಿಟ್ಟು ಅವಳು ಕಣ್ಣು ಮುಚ್ಚಿದ್ದೇ ತಡ, ಕಪ್ಪಾಗಿದ್ದ ಖಾಲಿ ಕರಡಿಗೆಯನ್ನು ಒಯ್ದು, ಅಲ್ಯುಮಿನಿಯಂ ಪಾತ್ರೆಯಲ್ಲಿ ಉಪ್ಪು, ಅಡುಗೆ ಸೋಡಾ ಹಾಕಿದ ಬಿಸಿನೀರಿಗೆ ಮುಳುಗಿಸಿದೆ. ಫಳಫಳ ಹೊಳೆಯಿತು!

"ಇದು ನಂದಲ್ಲ ಕಣೇ! ನಂದೆಲ್ಲಿಟ್ಟೆ, ತತ್ತಾ" ಎಂದು ಅಜ್ಜಿ ಲಿಂಗ ಹಿಡಿದೇ ಕೂತಳು. ತಿಂಡಿಗೂ ಏಳಲಿಲ್ಲ. ಕೊನೆಗೆ, ಹಿಂದೊಮ್ಮೆ ಬೀರೂರಲ್ಲಿ ರೈಲಿಳಿಯುವಾಗ ಅವಳು ಬಿದ್ದು ಕರಡಿಗೆಗೆ ಆಗಿದ್ದ ನೆಗ್ಗನ್ನು ಮುಟ್ಟಿಸಿದ ಮೇಲೆ ನಂಬಿದಳು.

"ಕಪ್ಪೆಲ್ಲಾ ಎಲ್ಲೋಯ್ತೇ?"

"ಪಾತ್ರೆ ಎಲೆಕ್ಟ್ರಾನ್ ಕೊಡ್ತು, ಬೆಳ್ಳಿ ಇಸ್ಕೊಂಡು ಬೆಳ್ಳಗಾಯ್ತು ಅಜ್ಜಿ."

ಮಂಕಾಗಿದ್ದ ಪಾತ್ರೆ ನೋಡಿ, "ಪಾಪ, ಕೊಟ್ಟೋರ ಗತಿ ಇದೇ ಕಣೇ" ಎಂದು ನಕ್ಕಳು.

ನಾಳೆ ಬೀದಿಯ ಅಜ್ಜಿಯರೆಲ್ಲ ಕರಡಿಗೆ ತರುತ್ತಾರಂತೆ. ಅಮ್ಮ ಈಗಲೇ ಪಾತ್ರೆಗಳನ್ನೆಲ್ಲ ಬಚ್ಚಿಟ್ಟಿದ್ದಾಳೆ.